ಅಕ್ಕನ ಎಡಗಿವಿಗೆ ಸಿಕ್ಕ ರಂಗಭೂಮಿ

ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಅಕ್ಕನ ಫೋನ್ ಬರುತ್ತದೆ. ಆ ಹೊತ್ತಿಗೆ ನಾನು ವಾರದ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿರುತ್ತೇನೆ, ಅವಳು ಒಣಗಿದ ಬಟ್ಟೆ ಮಡಿಸುತ್ತಿರುತ್ತಾಳೆ. ಮೊದಲ ಹತ್ತು ನಿಮಿಷ ಮಂಡಿನೋವು, ಸೋರುವ ನಲ್ಲಿ, ಅವಳ ಮಗಳ ಹೊಸ ಕೆಲಸ. ಆಮೇಲೆ ಇಬ್ಬರಲ್ಲಿ ಒಬ್ಬರು ಕೇಳುತ್ತೇವೆ: “ಈ ವಾರ ಏನು ಕೇಳಿದೆ?”

ಸಂಗೀತ ನಾಟಕಗಳ ಮಾತು ಅದು. ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್‌ನ ಮ್ಯೂಸಿಕಲ್‌ಗಳು. ನಾವಿಬ್ಬರೂ ಅಲ್ಲಿನ ಯಾವ ರಂಗಮಂದಿರದೊಳಗೂ ಕಾಲಿಟ್ಟವರಲ್ಲ. ನನಗೆ ಈ ನಾಟಕಗಳು ಒದಗಿದ್ದು ಮೂಲ ತಂಡದವರೇ ಹಾಡಿದ ಧ್ವನಿಮುದ್ರಣಗಳಲ್ಲಿ, ಅಂದರೆ ಕಾಸ್ಟ್ ಆಲ್ಬಂಗಳಲ್ಲಿ. ಅಕ್ಕನಿಗೆ ಸಿನಿಮಾಗಳಲ್ಲಿ. ಯಾವುದು ನಿಜವಾದ ನಾಟಕಕ್ಕೆ ಹತ್ತಿರ ಎಂಬ ವಾದ ನಮ್ಮಿಬ್ಬರ ನಡುವೆ ಮೂವತ್ತು ವರ್ಷಗಳಿಂದ ನಡೆದಿದೆ.

ವಾದ ಹುಟ್ಟಿದ್ದು ‘ದಿ ಸೌಂಡ್ ಆಫ್ ಮ್ಯೂಸಿಕ್’ನಿಂದ. 1965ರ ಸಿನಿಮಾ ಅಕ್ಕನಿಗೆ ಬಾಯಿಪಾಠ. ಗುಡುಗು ಸಿಡಿಲಿನ ರಾತ್ರಿ ಹೆದರಿದ ಮಕ್ಕಳು ತಮ್ಮನ್ನು ನೋಡಿಕೊಳ್ಳಲು ಬಂದ ಮರಿಯಾಳ ಮಂಚವೇರುತ್ತಾರೆ, ಅವಳು ತನಗೆ ಇಷ್ಟವಾದ ವಸ್ತುಗಳನ್ನೆಲ್ಲ ಎಣಿಸುತ್ತ ಹಾಡುತ್ತಾಳೆ. ನನಗೆ 1959ರ ರಂಗಪ್ರಯೋಗದ ಧ್ವನಿಮುದ್ರಣ ಸಿಕ್ಕಿದಾಗ ಅದೇ ಹಾಡನ್ನು ಮರಿಯಾ ಕಾನ್ವೆಂಟಿನ ಹಿರಿಯ ಮದರ್ ಜೊತೆ ಹಾಡುತ್ತಿದ್ದಳು! ಮಳೆಯಿಲ್ಲ, ಮಕ್ಕಳಿಲ್ಲ. ಗುಡುಗಿನ ರಾತ್ರಿಗೆ ಇದ್ದದ್ದು ಕುರಿಕಾಯುವವನ ಹಾಡು. ಸಿನಿಮಾದಲ್ಲಿ ಅದು ಬೊಂಬೆಯಾಟಕ್ಕೆ ಹೋಗಿದೆ. ಅಕ್ಕ ಅಂದು ನನ್ನ ಕ್ಯಾಸೆಟ್ಟೇ ತಪ್ಪು ಎಂದಳು. ನಾನು ಅವಳ ಸಿನಿಮಾವೇ ತಪ್ಪು ಎಂದೆ. ಎರಡು ದಿನ ನಾವು ಮಾತಾಡಲಿಲ್ಲ.

ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ಎದ್ದಾಗ ಬಲಗಿವಿ ಕೇಳಿಸುತ್ತಿರಲಿಲ್ಲ. ಏಟಿಲ್ಲ, ಜ್ವರವಿಲ್ಲ, ರಾತ್ರಿ ಮಲಗುವಾಗ ಎಲ್ಲ ಸರಿಯಾಗಿಯೇ ಇತ್ತು. ವೈದ್ಯರು ಸ್ಟೀರಾಯ್ಡ್ ಕೊಟ್ಟರು, ವಾರಗಟ್ಟಲೆ ಪರೀಕ್ಷೆಗಳಾದವು, ಕಿವಿ ಮರಳಲಿಲ್ಲ. ಒಂದೇ ಕಿವಿಯಿದ್ದರೆ ಶಬ್ದ ಕಡಿಮೆಯಾಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಶಬ್ದ ಯಾವ ದಿಕ್ಕಿನಿಂದ ಬಂತು ಎಂಬುದೇ ತಿಳಿಯದಾಗುವುದು. ಮಗಳು ಕರೆದರೆ ಅಕ್ಕ ಮನೆಯ ಮೂರೂ ಕೋಣೆಗಳನ್ನು ಹುಡುಕುತ್ತಿದ್ದಳು. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಹೋಗುವುದನ್ನೇ ಬಿಟ್ಟಳು.

ಭಾನುವಾರದ ಫೋನ್ ನಿಲ್ಲಲಿಲ್ಲ, ಆದರೆ ನಾಟಕದ ಮಾತು ನಿಂತಿತು. ನಾನು ಒತ್ತಾಯಿಸಿ ಕೇಳಿದ ಒಂದು ರಾತ್ರಿ ಹೇಳಿದಳು: “ಇಯರ್‌ಫೋನ್ ಹಾಕಿ ಯುಗಳಗೀತೆ ಕೇಳಿದರೆ ಗಂಡಸಿನ ದನಿ ಹತ್ತಿರವೇ ಇರುತ್ತದೆ, ಹೆಂಗಸಿನದು ಪಕ್ಕದ ಮನೆಯಿಂದ ಬಂದ ಹಾಗೆ. ಪಿಟೀಲು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ನನಗೆ ಅದು ಬೇಡ ಕಣೇ.”

ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಬಹಳ ಹೊತ್ತು ಕುಳಿತಿದ್ದೆ. ಆಮೇಲೆ ಹೊಳೆಯಿತು: ಸ್ಟೀರಿಯೊ ಧ್ವನಿಮುದ್ರಣ ದನಿಗಳನ್ನು ಎಡಕ್ಕೂ ಬಲಕ್ಕೂ ಹಂಚುತ್ತದೆ. ಬಲಕ್ಕೆ ಹಂಚಿದ್ದೆಲ್ಲ ಅಕ್ಕನ ಪಾಲಿಗೆ ಇಲ್ಲ. ಹಾಗಾದರೆ ಹಂಚುವ ಪದ್ಧತಿ ಬರುವುದಕ್ಕೆ ಮೊದಲು ಮುದ್ರಣವಾದದ್ದನ್ನು ಕೇಳಿಸಿದರೆ?

ಮಾರನೆಯ ದಿನವೇ ಅವಳಿಗೆ ‘ಮೈ ಫೇರ್ ಲೇಡಿ’ಯ 1956ರ ಮುದ್ರಣವನ್ನು ಕಳಿಸಿದೆ. ಹೂ ಮಾರುವ ಹುಡುಗಿಗೆ ಪ್ರೊಫೆಸರೊಬ್ಬ ದೊಡ್ಡವರ ಮಾತು ಕಲಿಸುವ ಕಥೆ ಅದು. ನಾಟಕ ಬ್ರಾಡ್‌ವೇಯಲ್ಲಿ ತೆರೆಕಂಡದ್ದು ಆ ವರ್ಷದ ಮಾರ್ಚ್ 15ರಂದು. ಹತ್ತು ದಿನ ಕಳೆದು, ಮಾರ್ಚ್ 25ರ ಭಾನುವಾರ, ಇಡೀ ತಂಡ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೊಗೆ ಬಂದು ಹಾಡಿತು. ಆ ಸ್ಟುಡಿಯೊ ಹಿಂದೆ ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಸೂರು, ಮರದ ನೆಲ. ಮುದ್ರಣದ ಹೊಣೆ ಹೊತ್ತವರು ಗಾಡರ್ಡ್ ಲೀಬರ್ಸನ್. ಆ ಹುಡುಗಿಯ ಪಾತ್ರದ ಜೂಲಿ ಆಂಡ್ರ್ಯೂಸ್‌ಗೆ ಆಗ ಇಪ್ಪತ್ತು ವರ್ಷ. ನಾಟಕ ಗೆದ್ದಿದೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಆದರೆ ನೂರಾರು ಪ್ರದರ್ಶನಗಳ ದಣಿವು ಇನ್ನೂ ದನಿಗೆ ಇಳಿದಿರಲಿಲ್ಲ. ಆ ಉಮೇದು ಅದರ ಒಂದೊಂದು ಹಾಡಿನಲ್ಲೂ ಕೇಳಿಸುತ್ತದೆ. ಅದು ಮೊನೊ. ಎಡಬಲ ಎಂಬುದೇ ಅದರಲ್ಲಿಲ್ಲ.

ಆ ಭಾನುವಾರ ಅಕ್ಕ ಒಂಬತ್ತಕ್ಕಲ್ಲ, ಎಂಟೂವರೆಗೇ ಫೋನ್ ಮಾಡಿದಳು. ಮಂಡಿನೋವಿನ ಮಾತೇ ಇಲ್ಲ. “ಆರ್ಕೆಸ್ಟ್ರಾ ಹಿಂದೆ ಕೂತಿದೆ, ಹುಡುಗಿ ಮುಂದೆ ನಿಂತಿದ್ದಾಳೆ, ಆ ಪ್ರೊಫೆಸರ್ ಒಂದು ಹೆಜ್ಜೆ ಪಕ್ಕಕ್ಕೆ. ನನಗೆ ಎಲ್ಲರೂ ಕಾಣಿಸಿದರು,” ಎಂದಳು. ನಾನು ಏನೂ ಹೇಳಲಾರದೆ ಸುಮ್ಮನಿದ್ದೆ. ಎಡಬಲ ಇಲ್ಲದ ಕಾಲದಲ್ಲಿ ತಂತ್ರಜ್ಞರು ದನಿಯನ್ನು ಹತ್ತಿರ ಮತ್ತು ದೂರಗಳಲ್ಲೇ ನಿಲ್ಲಿಸಬೇಕಿತ್ತು. ಯಾರು ಮೈಕಿಗೆ ಎಷ್ಟು ಸಮೀಪ, ಯಾರ ದನಿಯ ಸುತ್ತ ಎಷ್ಟು ಗಾಳಿ ಎಂಬುದರಿಂದಲೇ ರಂಗ ಕಟ್ಟಬೇಕಿತ್ತು. ಆ ಹತ್ತಿರ ದೂರಗಳನ್ನು ಅಳೆಯಲು ಒಂದೇ ಕಿವಿ ಸಾಕು.

ಅದೇ ನಾಟಕವನ್ನು ಅದೇ ಮೂವರು ಮುಖ್ಯ ನಟರು ಲಂಡನ್ನಿನಲ್ಲೂ ಆಡಿದರು, ಮತ್ತು 1959ರಲ್ಲಿ ಸ್ಟೀರಿಯೊದಲ್ಲಿ ಇನ್ನೊಮ್ಮೆ ಮುದ್ರಿಸಿದರು. ಶಬ್ದ ಅಗಲವಾಗಿದೆ, ಸ್ಪಷ್ಟವಾಗಿದೆ. ಆದರೆ ಆಂಡ್ರ್ಯೂಸ್ ಆ ಹಾಡುಗಳನ್ನು ಮೂರು ವರ್ಷ ಹಾಡಿ ಪಳಗಿಸಿಬಿಟ್ಟಿದ್ದರು. ಪಳಗಿದ ಹಾಡಿನಲ್ಲಿ ಆ ಹುಡುಗಿಯ ಅಚ್ಚರಿ ನನಗೆ ಸಿಗುವುದಿಲ್ಲ. ಅಕ್ಕನಿಗೆ ಸಿಕ್ಕಿದ ಮುದ್ರಣವೇ ಮೇಲು ಎಂದು ಅವಳಿಗೆ ಸಮಾಧಾನ ಹೇಳಲು ನಾನು ಬರೆಯುತ್ತಿಲ್ಲ. ಎರಡು ಕಿವಿಗಳಿಂದ ಕೇಳುವ ನನ್ನ ತೀರ್ಮಾನವೂ ಅದೇ.

ಹೊಸ ಆಲ್ಬಂಗಳ ಗತಿಯೇನು ಎಂದು ಹುಡುಕುತ್ತಿದ್ದಾಗ ಅವಳ ಮೊಬೈಲಿನಲ್ಲೇ ಉತ್ತರವಿತ್ತು. ಸೆಟ್ಟಿಂಗ್ಸ್‌ನಲ್ಲಿ ಶ್ರವಣ ಸೌಲಭ್ಯಗಳ ಪುಟಕ್ಕೆ ಹೋದರೆ ‘ಮೊನೊ ಆಡಿಯೊ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎರಡೂ ಬದಿಯ ಶಬ್ದ ಬೆರೆತು ಒಂದಾಗುತ್ತದೆ. ಈ ತೊಂದರೆಯಿರುವವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ಅದನ್ನು ಹುಡುಕಿ ಕೊಡಿ. ಅಕ್ಕ ಇದನ್ನು ತಿಳಿಯದೆ ಏಳು ತಿಂಗಳು ಕಳೆದಿದ್ದಳು.

ಗುಂಡಿ ಸಿಕ್ಕಿದ ಮೇಲೂ ಅವಳು ಹಳೆಯದರ ಬೆನ್ನುಹತ್ತಿಯೇ ಹೋದಳು, ನಾನು ಅವಳ ಹಿಂದೆ. 1943ರ ‘ಒಕ್ಲಹೋಮ!’ ತನಕ ಹೋದೆವು. ಅದಕ್ಕೆ ಮೊದಲು ಅಮೆರಿಕದಲ್ಲಿ ನಾಟಕದ ಹಾಡು ಗ್ರಾಮಫೋನ್ ತಟ್ಟೆಯ ಮೇಲೆ ಬರುತ್ತಿದ್ದುದು ಹೆಚ್ಚಾಗಿ ಬೇರೆ ಜನಪ್ರಿಯ ಗಾಯಕರ ಕಂಠದಲ್ಲಿ, ಬೇರೆ ವಾದ್ಯವೃಂದದ ಜೊತೆ. ಡೆಕ್ಕಾ ಕಂಪನಿ ಆ ನಾಟಕದ ನಟರನ್ನೇ, ಅವರದೇ ಮೇಳವನ್ನೇ, ಅವರದೇ ಆರ್ಕೆಸ್ಟ್ರಾವನ್ನೇ ಕರೆಸಿ ಹಾಡಿಸಿತು. ನಾಟಕ ಮಾರ್ಚ್ ಕೊನೆಗೆ ತೆರೆಕಂಡರೂ ಆಲ್ಬಂ ಬಂದದ್ದು ಡಿಸೆಂಬರಿನಲ್ಲಿ. ವಾದ್ಯಗಾರರ ಸಂಘ 1942ರಿಂದ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತ್ತು, ಡೆಕ್ಕಾ ರಾಜಿ ಮಾಡಿಕೊಂಡ ಮೇಲಷ್ಟೇ ಸ್ಟುಡಿಯೊದ ಬಾಗಿಲು ತೆರೆಯಿತು. ಆರು ತಟ್ಟೆಗಳು, ಹನ್ನೆರಡು ಮಗ್ಗುಲುಗಳು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮೂರು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸುತ್ತ ನಾಟಕ ಕೇಳಿದವರನ್ನು ನೆನೆದು ಅಕ್ಕ, “ಅವರು ಅಡಿಗೆಮನೆಗೂ ಹೋಗುವಂತಿರಲಿಲ್ಲ, ಪಾಪ,” ಎಂದಳು. ಕೊಲಂಬಿಯಾ 1948ರಲ್ಲಿ ಎಲ್‌ಪಿ ಎಂಬ ನಿಧಾನವಾಗಿ ತಿರುಗುವ ತಟ್ಟೆ ತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು, ನಾಟಕದ ಒಂದು ಅಂಕದ ಹಾಡುಗಳನ್ನು ಕುಳಿತಲ್ಲೇ ಕೇಳುವ ಹಾಗಾಯಿತು.

ಹೀಗೆ ಅಕ್ಕ ನನ್ನ ಪಕ್ಷಕ್ಕೆ ಬಂದಳು ಎಂದು ನಾನು ಹಿಗ್ಗಿದ್ದೆ. ಆದರೆ ಅವಳಿಗೆ ಸಿನಿಮಾದ ಪರವಾಗಿ ಹೊಸದೊಂದು ಕಾರಣ ಸಿಕ್ಕಿತ್ತು, ಮತ್ತು ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಿವಿ ಹೋದ ಮೇಲೆ ಅವಳು ತನಗೇ ತಿಳಿಯದಂತೆ ಎದುರಿನವರ ತುಟಿ ಓದಲು ಕಲಿತಿದ್ದಾಳೆ. ‘ಮೈ ಫೇರ್ ಲೇಡಿ’ಯ 1964ರ ಸಿನಿಮಾವನ್ನು ಮತ್ತೆ ನೋಡಿ ಹೇಳಿದಳು: “ಪ್ರೊಫೆಸರ್ ಹಾಡುವಾಗ ಮಾತು ಪೂರ್ತಿ ತಿಳಿಯುತ್ತದೆ. ಅವಳು ಹಾಡುವಾಗ ತುಟಿಯೇ ಬೇರೆ, ದನಿಯೇ ಬೇರೆ. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ಇದೆ.”

ನನಗೆ ಮೈ ಜುಮ್ಮೆಂದಿತು, ಏಕೆಂದರೆ ಅವಳಿಗೆ ಹಿನ್ನೆಲೆ ಗೊತ್ತಿರಲಿಲ್ಲ. ಆಡ್ರಿ ಹೆಪ್‌ಬರ್ನ್ ಅವರ ಬಹುಪಾಲು ಹಾಡುಗಳನ್ನು ಹಾಡಿದವರು ಮಾರ್ನಿ ನಿಕ್ಸನ್. ‘ದಿ ಕಿಂಗ್ ಅಂಡ್ ಐ’ ಸಿನಿಮಾದಲ್ಲಿ ಡೆಬೊರಾ ಕೆರ್, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್, ಇಬ್ಬರಿಗೂ ಕಂಠ ಕೊಟ್ಟವರು ಅವರೇ. ಆ ಸಿನಿಮಾಗಳು ತೆರೆಕಂಡಾಗ ಅವರ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ಅದು ನನಗೆ ಇವತ್ತಿಗೂ ಅನ್ಯಾಯವೆನಿಸುತ್ತದೆ. ಇನ್ನು ಪ್ರೊಫೆಸರ್ ಪಾತ್ರದ ರೆಕ್ಸ್ ಹ್ಯಾರಿಸನ್, ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪಲಿಲ್ಲ. ಅವರ ಟೈಯೊಳಗೆ ವೈರ್‌ಲೆಸ್ ಮೈಕ್ ಅಡಗಿಸಿ, ಕ್ಯಾಮರಾದ ಮುಂದೆ ಹಾಡಿದ್ದನ್ನೇ ಮುದ್ರಿಸಿಕೊಂಡರು. ಅರವತ್ತು ವರ್ಷಗಳ ಹಿಂದಿನ ಆ ಮೈಕನ್ನು ಅಕ್ಕ ತುಟಿಗಳಲ್ಲೇ ಹಿಡಿದುಬಿಟ್ಟಿದ್ದಳು.

ಈಗ ಅವಳಿಗೆ ‘ಲೆ ಮಿಸೆರಾಬ್ಲ್’ನ 2012ರ ಸಿನಿಮಾ ಬಹಳ ಇಷ್ಟ. ಅಲ್ಲಿ ನಟರು ಚಿತ್ರೀಕರಣದ ಸ್ಥಳದಲ್ಲೇ ಹಾಡಿದರು. ಕಿವಿಯೊಳಗಿನ ಪುಟ್ಟ ಸಾಧನದಲ್ಲಿ ಅವರಿಗೆ ಪಿಯಾನೊ ಮಾತ್ರ ಕೇಳಿಸುತ್ತಿತ್ತು, ಆರ್ಕೆಸ್ಟ್ರಾ ಸೇರಿದ್ದು ಆಮೇಲೆ. ಹಾಗಾಗಿ ಮುಖ, ಉಸಿರು, ಅಕ್ಷರ ಮೂರೂ ಒಂದೇ ಕ್ಷಣದವು. ನನಗೆ ಆ ಹಾಡುಗಳ ನಡೆ ಅಲ್ಲಲ್ಲಿ ಸಡಿಲವಾಯಿತು ಎನಿಸುತ್ತದೆ, ಲಯ ನಟರ ಅಳುವಿನ ಹಿಂದೆ ಓಡುತ್ತದೆ. ಇಂಗ್ಲಿಷ್ ರಂಗಪ್ರಯೋಗದಲ್ಲಿ ಮೊದಲ ಬಾರಿಗೆ ಕಥಾನಾಯಕ ಜೀನ್ ವಾಲ್ಜೀನ್ ಆಗಿದ್ದ ಕೋಮ್ ವಿಲ್ಕಿನ್‌ಸನ್ ಅವರ ದನಿಯನ್ನು ಲಂಡನ್ ತಂಡದ ಮುದ್ರಣದಲ್ಲಿ ಕೇಳಿದವಳು ನಾನು. ಆದರೂ ಅವರೇ ಈ ಸಿನಿಮಾದಲ್ಲಿ ಬಿಷಪ್ ಆಗಿ ಬಂದು ಹೊಸ ವಾಲ್ಜೀನನಿಗೆ ಬಾಗಿಲು ತೆರೆಯುವಾಗ ಅಕ್ಕನೂ ನಾನೂ ಒಟ್ಟಿಗೆ ಅತ್ತಿದ್ದೇವೆ.

ಕಳೆದ ತಿಂಗಳು ಮಾತು ‘ಮೆರಿಲಿ ವಿ ರೋಲ್ ಅಲಾಂಗ್’ಗೆ ಬಂತು. ಸ್ಟೀಫನ್ ಸಾಂಡ್‌ಹೈಮ್ ಅವರ ಈ ನಾಟಕ ಹಿಂದಕ್ಕೆ ನಡೆಯುತ್ತದೆ. ಮುರಿದ ಸ್ನೇಹದಿಂದ ಶುರುವಾಗಿ ವರ್ಷ ವರ್ಷ ಹಿಂದೆ ಸರಿಯುತ್ತ, ಮೂವರು ಗೆಳೆಯರು ಎಲ್ಲವನ್ನೂ ನಂಬಿದ್ದ ಎಳೆಯ ವಯಸ್ಸಿಗೆ ಬಂದು ನಿಲ್ಲುತ್ತದೆ. 1981ರ ನವೆಂಬರಿನಲ್ಲಿ ತೆರೆಕಂಡು ಹದಿನಾರು ಪ್ರದರ್ಶನಕ್ಕೆ ಮುಚ್ಚಿಹೋಯಿತು. ಬಹುಪಾಲು ನಟರು ಇಪ್ಪತ್ತರ ಆಚೀಚಿನ ಮಕ್ಕಳು. ಕೊನೆಯ ಪ್ರದರ್ಶನದ ಮಾರನೆಯ ದಿನ ಅವರು ಸ್ಟುಡಿಯೊಗೆ ಹೋಗಿ ಆಲ್ಬಂ ಹಾಡಿದರು.

ನಾನು ಕಾಸ್ಟ್ ಆಲ್ಬಂಗಳನ್ನು ಪ್ರೀತಿಸುವುದು ಏಕೆ ಎಂದು ಯಾರಾದರೂ ಕೇಳಿದರೆ ಆ ದಿನವನ್ನು ತೋರಿಸುತ್ತೇನೆ. ರಂಗಸಜ್ಜಿಕೆ ಕಳಚುತ್ತಿದೆ, ಕೆಲಸ ಹೋಗಿದೆ, ಇನ್ನು ಟಿಕೆಟ್ ಕೊಳ್ಳುವವರಿಲ್ಲ. ಆದರೂ ಮೈಕಿನ ಮುಂದೆ ನಿಂತು, ಮುಂದೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂಬ ಹಾಡನ್ನು ಹಾಡುತ್ತಾರೆ. ಆ ಮುದ್ರಣವನ್ನು ಕೇಳಿ ಎಷ್ಟೋ ಮಂದಿ ನಾಟಕವನ್ನು ಪ್ರೀತಿಸಿದರು, ಮತ್ತೆ ಮತ್ತೆ ಆಡಿದರು, ತಿದ್ದಿದರು. 2023ರಲ್ಲಿ ಅದು ಬ್ರಾಡ್‌ವೇಗೆ ಮರಳಿತು, ಮರುವರ್ಷ ಅತ್ಯುತ್ತಮ ಮರುಪ್ರಯೋಗಕ್ಕೆ ಟೋನಿ ಪ್ರಶಸ್ತಿ ಪಡೆಯಿತು. ನಡುವೆ ನಲವತ್ತೆರಡು ವರ್ಷ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು. “ಅದರ ಸಿನಿಮಾ ಇಲ್ಲವೇ?” ಎಂದಳು. ಇದೆ, ಆದರೆ ಮುಗಿದಿಲ್ಲ ಎಂದೆ. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಅದನ್ನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಚಿತ್ರಿಸುವ ಯೋಜನೆ ಹಾಕಿಕೊಂಡಿದ್ದಾರೆ, ನಟರಿಗೆ ನಿಜವಾಗಿಯೇ ವಯಸ್ಸಾಗಲಿ ಎಂದು. ಸುದ್ದಿ ಹೊರಬಿದ್ದದ್ದು 2019ರಲ್ಲಿ.

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. “ನನಗಾಗ ಎಪ್ಪತ್ತೇಳು. ನಿನಗೆ ಎಪ್ಪತ್ತೆರಡು.” ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಸರಿ, ಅಲ್ಲಿಯವರೆಗೆ ನಿನ್ನ ಆಲ್ಬಂ ಕಳಿಸು. ಮೊನೊ ಹಾಕಿಯೇ ಕೇಳುತ್ತೇನೆ. ಸಿನಿಮಾಕ್ಕೆ ಹೋದಾಗ ಮಾತ್ರ ನೀನು ನನ್ನ ಎಡಗಡೆ ಕೂರಬೇಕು,” ಎಂದಳು.