ಜಗನ್ನಾಥನ ಹಳೆಯ ಮೈಗೂ ಸೂತಕವುಂಟು

ಪುರಿಯ ಜಗನ್ನಾಥನದು ಬೇವಿನ ಮರದ ಮೈ. ಮರವೆಂದ ಮೇಲೆ ಶಿಥಿಲವಾಗಲೇಬೇಕು. ಅಧಿಕ ಆಷಾಢ ಬಂದ ವರ್ಷ ಅಲ್ಲಿ ಹೊಸ ಮೂರ್ತಿಗಳನ್ನು ಕಡೆದು ನವಕಳೇವರ ನಡೆಸುತ್ತಾರೆ. ಕಳೆದ ಬಾರಿ ಅದು ನಡೆದದ್ದು 2015ರಲ್ಲಿ, ಅದಕ್ಕೂ ಹಿಂದೆ 1996ರಲ್ಲಿ. ಸಂಪ್ರದಾಯದಂತೆ ಜಗನ್ನಾಥನ ವಂಶಪಾರಂಪರ್ಯ ಸೇವಕರಾದ ದೈತಾಪತಿಗಳು ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೂ ಬಟ್ಟೆ ಸುತ್ತಿಕೊಂಡು, ದೇವರ ಜೀವವೆಂದೇ ನಂಬುವ, ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದರೊಳಗೆ ಇರಿಸುತ್ತಾರೆ. ಇರಿಸುವವರೂ ಅದನ್ನು ನೋಡುವಂತಿಲ್ಲ.

ಎಲ್ಲರೂ ಈ ರಹಸ್ಯವನ್ನೇ ಬಣ್ಣಿಸುತ್ತಾರೆ. ನನ್ನನ್ನು ಅಲುಗಾಡಿಸುವುದು ಅದರ ನಂತರದ ಆಚರಣೆ. ಹಳೆಯ ಮೂರ್ತಿಗಳನ್ನು ದೇವಾಲಯದ ಆವರಣದ ಕೊಯಿಲಿ ವೈಕುಂಠದಲ್ಲಿ ಮಣ್ಣಿಗಿಟ್ಟು, ದೈತಾಪತಿಗಳು ಮನೆಯ ಹಿರಿಯರು ತೀರಿಕೊಂಡಂತೆ ಹತ್ತು ದಿನ ಸೂತಕ ಹಿಡಿಯುತ್ತಾರೆ, ತಲೆ ಬೋಳಿಸಿಕೊಳ್ಳುತ್ತಾರೆ. ದೇವರು ಎಲ್ಲಿಗೂ ಹೋಗಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಇಷ್ಟು ವರ್ಷ ಅವನನ್ನು ಹೊತ್ತ ಮೈಗೆ ಅಳುತ್ತಾರೆ. ಜೀರ್ಣವಸ್ತ್ರದ ಮಾತನ್ನು ಗೀತೆಯಲ್ಲಿ ಓದಿದ ನಾವು ದೇಹವನ್ನು ಎಷ್ಟು ಸಲೀಸಾಗಿ ಹಗುರ ಮಾಡಿಬಿಡುತ್ತೇವೆ!

ನಮ್ಮೊಳಗೂ ಇದು ಸದ್ದಿಲ್ಲದೆ ನಡೆದೇ ಇದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. 1996ರಿಂದ 2015ರೊಳಗೆ ಅದರ ಐವತ್ತಕ್ಕೂ ಹೆಚ್ಚು ತಲೆಮಾರು ಕಳೆದಿವೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಗಟ್ಟಿಯೆಂದು ನಂಬಿದ ಎಲುಬು ಕೂಡ ವರ್ಷವರ್ಷವೂ ಸವೆದು ಮರಳಿ ಕಟ್ಟಿಕೊಳ್ಳುತ್ತದೆ. ಮೆದುಳಿನ ಹೊರಪದರದ ನರಕೋಶಗಳು ಮಾತ್ರ ಬಹುಪಾಲು ಹುಟ್ಟಿನಿಂದ ಕೊನೆಯವರೆಗೂ ಅವೇ. ಹಾಗಾದರೆ ‘ನಾನು’ ಅಲ್ಲಿದೆಯೇ?

ಹಾಗೆನ್ನಲು ನನ್ನಿಂದಾಗದು. ನನ್ನ ತಾಯಿಯ ಕೊನೆಯ ವರ್ಷಗಳಲ್ಲಿ ಸೊರಗಿದ್ದು ಅವೇ ಕೋಶಗಳು. ನನ್ನ ಹೆಸರು ಅವರ ನೆನಪಿನಿಂದ ಹೋಯಿತು, ಮನೆ ಯಾವುದೆಂಬುದೂ ಹೋಯಿತು. ಸಂಜೆ ದೀಪ ಹಚ್ಚಿದರೆ ಕೈ ಜೋಡಿಸುವುದು ಮಾತ್ರ ಹೋಗಲಿಲ್ಲ. ಇವರು ಅಮ್ಮನೇ ಹೌದೋ ಅಲ್ಲವೋ ಎಂಬ ಅನುಮಾನ ಮನೆಯಲ್ಲಿ ಯಾರಿಗೂ ಒಂದು ಕ್ಷಣವೂ ಬರಲಿಲ್ಲ.

ಅವರು ಪುರಿಗೆ ಹೋದಾಗ ಕಂಡದ್ದು 1996ರ ಮೂರ್ತಿ. ನಾನು ಕಂಡದ್ದು 2015ರದು. ಅವರು ನೋಡಿದ ಜಗನ್ನಾಥನನ್ನೇ ನಾನೂ ನೋಡಿದೆ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ. ದೊಡ್ಡ ದುಂಡು ಕಣ್ಣುಗಳೆದುರು ನಿಂತು ಮೋಕ್ಷ ಕೇಳಲು ಮನಸ್ಸಾಗಲಿಲ್ಲ. ಇಷ್ಟು ದೂರ ನಡೆಸಿ ತಂದ ಮೊಣಕಾಲುಗಳ ಹೆಸರಿನಲ್ಲೇ ಒಂದು ನಮಸ್ಕಾರ ಹಾಕಿದೆ.