ಟೋಕಿಯೋಗೆ ಹೊರಡುವ ಮುನ್ನ ಐದು ಸ್ವರ ಕಲಿತುಕೊಳ್ಳಿ

ಟೋಕಿಯೋದ ಸುಕಿಜಿಗೆ ಜನ ಹೋಗುವುದು ಮೀನು ತಿನ್ನಲು. ನಾನೂ ತಿಂದೆ. ಆಮೇಲೆ ಮಾರುಕಟ್ಟೆಯ ಪಕ್ಕದ ಇಚಿಬಾಬಾಶಿ ಉದ್ಯಾನವನ್ನು ಹುಡುಕಿಕೊಂಡು ಹೋದೆ. ಅಂಧರು ಬೆರಳಿನಿಂದ ತಡವಿ ಓದುವ ಚುಕ್ಕೆ ಲಿಪಿ ಬ್ರೈಲ್‌ನ ಜಪಾನಿ ರೂಪ ರೂಪುಗೊಂಡ ಜಾಗದ ಸ್ಮಾರಕಶಿಲೆ ಅಲ್ಲಿದೆ. ದೊಡ್ಡದೇನಲ್ಲ, ಅವಸರದಲ್ಲಿದ್ದರೆ ಕಣ್ಣಿಗೇ ಬೀಳದು.

ಜಪಾನಿನ ಮೊದಲ ಅಂಧ-ಕಿವುಡರ ಶಾಲೆ 1878ರಲ್ಲಿ ಕ್ಯೋಟೋದಲ್ಲಿ ಆರಂಭವಾಯಿತು. ಸುಕಿಜಿಯಲ್ಲಿದ್ದ ಅಂಧರ ಶಾಲೆ ಪಾಠ ಶುರುಮಾಡಿದ್ದು 1880ರಲ್ಲಿ. ಆಗ ಮಕ್ಕಳು ಸಾಮಾನ್ಯ ಲಿಪಿಯನ್ನೇ ಉಬ್ಬಿಸಿದ ಅಕ್ಷರಗಳನ್ನು ತಡವಿ ಓದುತ್ತಿದ್ದರು. ಹೇಗೋ ಓದಬಹುದಿತ್ತು, ತಾವೇ ಬರೆಯುವುದು ಮಾತ್ರ ಕಷ್ಟ. ಫ್ರಾನ್ಸಿನ ಆರು ಚುಕ್ಕೆಗಳನ್ನು ಜಪಾನಿಗೆ ಹೊಂದಿಸುವ ಕೆಲಸಕ್ಕೆ ಆ ಶಾಲೆಯ ಶಿಕ್ಷಕ ಇಶಿಕಾವಾ ಕುರಾಜಿ ಇಳಿದರು. ಮೊದಲು ಎಂಟು ಚುಕ್ಕೆಗಳಲ್ಲಿ ಯತ್ನಿಸಿ, ಕೊನೆಗೆ ಆರಕ್ಕೇ ಮರಳಿದರು. ವಿದ್ಯಾರ್ಥಿಗಳೂ ತಮ್ಮದೊಂದು ಮಾದರಿಯನ್ನು ಮುಂದಿಟ್ಟಿದ್ದರು! 1890ರ ನವೆಂಬರ್ 1ರಂದು ಇಶಿಕಾವಾ ಅವರ ಮಾದರಿ ಆಯ್ಕೆಯಾಯಿತು. ನಮಗೆ ರಾಜ್ಯೋತ್ಸವದ ದಿನ, ಅವರಿಗೆ ಬ್ರೈಲ್ ದಿನ.

ಅವರ ಜಾಣತನ ಕಾಗುಣಿತ ಬಲ್ಲವರಿಗೆ ತಟ್ಟನೆ ತಿಳಿಯುತ್ತದೆ. ಮೇಲಿನ ಎಡ ಮೂಲೆಯ ಮೂರು ಚುಕ್ಕೆಗಳು ಸ್ವರಕ್ಕೆ, ಉಳಿದ ಮೂರು ವ್ಯಂಜನಕ್ಕೆ. ಕನ್ನಡ ಬ್ರೈಲ್‌ನಲ್ಲಿ ‘ಕಿ’ ಬರೆಯಲು ಎರಡು ಮನೆ (ಆರು ಚುಕ್ಕೆಗಳ ಒಂದು ಗುಂಪೇ ಒಂದು ಮನೆ) ಬೇಕು, ಅಲ್ಲಿ ಒಂದೇ ಸಾಕು. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಜಪಾನಿ ಭಾಷೆಯ ಐದು ಸ್ವರಗಳನ್ನಾದರೂ ಬೆರಳಿಗೆ ಕಲಿಸಿ.

ಸುಕಿಜಿಯಿಂದ ಹಿಬಿಯಾ ಮಾರ್ಗದ ರೈಲಿನಲ್ಲಿ ಎಬಿಸುವಿಗೆ ಬಂದು, ಶಿಬುಯಾ ಕಡೆಗೆ ನಡೆದರೆ ಓಂಕೋ ಗಕ್ಕಾಯ್ ಎಂಬ ಸಂಸ್ಥೆ ಸಿಗುತ್ತದೆ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ವಿದ್ವಾಂಸ ಹನಾವಾ ಹೊಕಿಇಚಿ (1746–1821) ಹಳೆಯ ಗ್ರಂಥಗಳನ್ನು ಕಲೆಹಾಕಿ ಕೆತ್ತಿಸಿದ 17,244 ಮರದ ಅಚ್ಚುಗಳು ಇಲ್ಲಿವೆ. 1937ರಲ್ಲಿ ಅಂಧ-ಕಿವುಡ ಲೇಖಕಿ ಹೆಲೆನ್ ಕೆಲರ್ ಕೂಡ ಇಲ್ಲಿಗೆ ಬಂದಿದ್ದರು. ವಾರದ ದಿನದಲ್ಲೇ, ಮೊದಲೇ ವಿಚಾರಿಸಿಕೊಂಡು ಹೋಗಿ. ಸಮಯ ಉಳಿದರೆ ಯಾಮಾನೋತೆ ರೈಲಿನಲ್ಲಿ ತಕಾದಾನೋಬಾಬಾಗೆ ಹೋಗಬಹುದು. 1940ರಲ್ಲಿ ಸ್ಥಾಪನೆಯಾದ ಜಪಾನ್ ಬ್ರೈಲ್ ಗ್ರಂಥಾಲಯ ಅಲ್ಲಿದೆ.

ದಾರಿಯುದ್ದಕ್ಕೂ ನಿಲ್ದಾಣಗಳ ಮೆಟ್ಟಿಲುಗಳ ಹಿಡಿಕಂಬಿಯನ್ನು ತಡವಿ ನೋಡಿ. ಮೆಟ್ಟಿಲು ಎತ್ತ ಒಯ್ಯುತ್ತದೆಂದು ಅಲ್ಲಿ ಚುಕ್ಕೆಗಳಲ್ಲಿ ಬರೆದಿರುತ್ತದೆ. ಜನಸಂದಣಿಯ ಹೊತ್ತಿನಲ್ಲಿ ಮಾತ್ರ ಬೇಡ, ಹಿಂದಿನಿಂದ ಬರುವವರ ಗೊಣಗಾಟ ಕೇಳಬೇಕಾಗುತ್ತದೆ. ನೆಲದ ಹಳದಿ ಉಬ್ಬುಪಟ್ಟಿಯೂ ಜಪಾನಿನದೇ, 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಸಿದ್ದು. ಅದರ ಮೇಲೆ ನಿಮ್ಮ ಸೂಟ್‌ಕೇಸ್ ನಿಲ್ಲಿಸಬೇಡಿ.

ಆ ರಾತ್ರಿ ಅಂಗಡಿಯಲ್ಲಿ ಹಣ್ಣಿನ ಚಿತ್ರವಿದ್ದ ಡಬ್ಬಿಯೊಂದನ್ನು ತಂಪು ಪಾನೀಯವೆಂದು ಎತ್ತಿಕೊಂಡೆ. ಮುಚ್ಚಳದ ಮೇಲೆ ಬೆರಳಿಗೆ ಮೂರು ಮನೆ ತಾಗಿದವು. ಮೊದಲನೆಯದು ‘ಓ’, ಕಲಿತಿದ್ದೆನಲ್ಲ. ಉಳಿದೆರಡನ್ನು ಚೀಟಿ ನೋಡಿ ಕೂಡಿಸಿದೆ: ಸಾ, ಕೆ. ಓಸಾಕೆ, ಅಂದರೆ ಮದ್ಯ. ಡಬ್ಬಿಯನ್ನು ತೆಪ್ಪಗೆ ಅಲ್ಲೇ ಇಟ್ಟೆ.