ಕ್ಯಾನ್ಸರ್ ಹರಡಲು ಮ್ಯಾಕ್ರೋಫೇಜ್ ಏಕೆ ನೆರವಾಗುತ್ತದೆ?

ಪೆಥಾಲಜಿ ಕಲಿಯುತ್ತಿದ್ದ ದಿನಗಳಲ್ಲಿ ಸ್ತನ ಕ್ಯಾನ್ಸರಿನ ಸ್ಲೈಡ್ ಒಂದಕ್ಕೆ, ಸಿಡಿ68 ಎಂಬ ಪ್ರೋಟೀನು ಇರುವ ಕೋಶಗಳನ್ನು ಕಂದಾಗಿ ತೋರಿಸುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟುಕೊಂಡಾಗ, ನೀಲಿ ಕೋಶಕೇಂದ್ರಗಳ ದಟ್ಟಣೆಯ ನಡುವೆ ಕಂದು ಬಣ್ಣ ಹಿಡಿದ ಜೀವಕೋಶಗಳು ಗೆಡ್ಡೆಯ ಅಂಚಿನುದ್ದಕ್ಕೂ, ಸಣ್ಣ ರಕ್ತನಾಳಗಳ ಪಕ್ಕದಲ್ಲೂ ಗುಂಪುಗೂಡಿದ್ದು ಕಂಡಿತ್ತು. ಅವು ಮ್ಯಾಕ್ರೋಫೇಜ್‌ಗಳು, ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗಿ ಅರಗಿಸುವ ಕಾವಲುಗಾರರು. ದೇಹದ ಸೈನ್ಯ ಶತ್ರುವನ್ನು ಮುತ್ತಿಗೆ ಹಾಕಿದೆ ಎಂದೇ ಅಂದು ನಾನು ನಂಬಿದ್ದೆ. ಸ್ತನ ಕ್ಯಾನ್ಸರಿನಲ್ಲಿ ಇವು ಹೆಚ್ಚಿದ್ದಷ್ಟೂ ರೋಗ ಉಲ್ಬಣಿಸುವ ಸಂಭವ ಹೆಚ್ಚು ಎಂಬುದು ತಿಳಿದದ್ದು ಆಮೇಲೆ.

ನನ್ನ ತಿಳಿವಳಿಕೆಯನ್ನು ತಿದ್ದಿದ್ದು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಜೆಫ್ರಿ ಪೊಲಾರ್ಡ್ ತಂಡ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗ. ಹುಟ್ಟಿನಿಂದಲೇ ಸ್ತನ ಕ್ಯಾನ್ಸರಿಗೆ ಗುರಿಯಾಗುವ ಇಲಿಗಳಲ್ಲಿ, ಮ್ಯಾಕ್ರೋಫೇಜ್‌ಗಳನ್ನು ಬೆಳೆಸಿ ಕರೆತರುವ ಸಿಎಸ್‌ಎಫ್-1 ಎಂಬ ಪ್ರೋಟೀನು ಇಲ್ಲದಂತೆ ಮಾಡಿದಾಗಲೂ ಗೆಡ್ಡೆಗಳು ಹುಟ್ಟಿದವು, ಬೆಳೆದವು. ಆದರೆ ಶ್ವಾಸಕೋಶಕ್ಕೆ ಹರಡುವುದು ಬಹುಮಟ್ಟಿಗೆ ನಿಂತುಹೋಯಿತು. ಸ್ತನದಲ್ಲಿ ಮಾತ್ರ ಆ ಪ್ರೋಟೀನನ್ನು ಮರಳಿ ಒದಗಿಸಿದಾಗ ಮ್ಯಾಕ್ರೋಫೇಜ್‌ಗಳು ಬಂದವು, ಅವುಗಳ ಬೆನ್ನಿಗೇ ಹರಡುವಿಕೆಯೂ ಮರಳಿತು. ಗೆಡ್ಡೆ ಬೆಳೆಯುವುದು ಒಂದು, ಹರಡುವುದು ಇನ್ನೊಂದು. ರೋಗಿಗಳ ಪ್ರಾಣ ತೆಗೆಯುವುದು ಬಹುತೇಕ ಎರಡನೆಯದೇ ಆದ್ದರಿಂದ ಈ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹರಡುವುದು ಹೇಗೆ ಎಂಬುದನ್ನು ಅದೇ ಸಂಸ್ಥೆಯ ಜಾನ್ ಕಾಂಡೀಲಿಸ್ ತಂಡ ಜೀವಂತ ಇಲಿಯ ಗೆಡ್ಡೆಯೊಳಗೇ ಸೂಕ್ಷ್ಮದರ್ಶಕ ಹಾಯಿಸಿ ನೋಡಿತು. ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಸ್ರವಿಸುತ್ತದೆ. ಅದನ್ನು ಗ್ರಹಿಸಿದ ಮ್ಯಾಕ್ರೋಫೇಜ್ ಇಜಿಎಫ್ ಎಂಬ ಮತ್ತೊಂದು ಪ್ರೋಟೀನನ್ನು ಸ್ರವಿಸುತ್ತದೆ. ಅದನ್ನು ಗ್ರಹಿಸಿದ ಕ್ಯಾನ್ಸರ್ ಕೋಶ ಒಂದು ಹೆಜ್ಜೆ ಮುಂದಿಡುತ್ತದೆ. ಹೀಗೆ ಒಂದನ್ನೊಂದು ಕರೆಯುತ್ತ, ಅಂಗಾಂಶದಲ್ಲಿನ ಕೊಲಾಜೆನ್ ಎಂಬ ನಾರಿನ ಎಳೆಗಳ ಮೇಲೆ ಸಾಲಾಗಿ ಸಾಗಿ, ಎರಡೂ ರಕ್ತನಾಳವನ್ನು ತಲುಪುತ್ತವೆ. ಅಲ್ಲಿ ನಾಳದ ಗೋಡೆಗೆ ಅಂಟಿ ಕುಳಿತ ಮ್ಯಾಕ್ರೋಫೇಜ್ ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಬಿಡುಗಡೆ ಮಾಡಿದಾಗ ಗೋಡೆಯ ಕೋಶಗಳ ಬೆಸುಗೆ ಸ್ವಲ್ಪ ಹೊತ್ತು ಸಡಿಲಗೊಂಡು, ಕ್ಯಾನ್ಸರ್ ಕೋಶ ಒಳನುಸುಳುತ್ತದೆ. ಕ್ಯಾನ್ಸರ್ ಕೋಶ, ಮ್ಯಾಕ್ರೋಫೇಜ್, ರಕ್ತನಾಳದ ಕೋಶ ಈ ಮೂರೂ ಒಂದಕ್ಕೊಂದು ತಾಗಿ ನಿಂತಿರುವ ಜಾಗಗಳನ್ನು ರೋಗಿಗಳ ಸ್ಲೈಡುಗಳಲ್ಲಿಯೂ ಎಣಿಸಿದ್ದಾರೆ. ಅವು ಹೆಚ್ಚಿದ್ದವರಲ್ಲಿ ರೋಗ ದೂರದ ಅಂಗಗಳಿಗೆ ಹರಡಿದ್ದೂ ಹೆಚ್ಚು.

ಇದನ್ನು ಕೇಳಿದವರು ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. ಕೈ ಕೊಯ್ದುಕೊಂಡಾಗ ಗಾಯದ ಕಸ ತೆಗೆದು, ಹೊಸ ರಕ್ತನಾಳಗಳನ್ನು ಕರೆದು, ಅಕ್ಕಪಕ್ಕದ ಕೋಶಗಳನ್ನು ಸರಿದು ಬಂದು ಬಿರುಕು ಮುಚ್ಚುವಂತೆ ಪ್ರಚೋದಿಸುವುದು ಮ್ಯಾಕ್ರೋಫೇಜಿನ ನಿತ್ಯದ ಕೆಲಸ. ಗೆಡ್ಡೆಯಲ್ಲೂ ಅದು ಅದನ್ನೇ ಮಾಡುತ್ತದೆ. ಗೆಡ್ಡೆಯೆಂದರೆ ಮಾಯದ ಗಾಯ ಎಂದು ಪೆಥಾಲಜಿಸ್ಟ್ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಬರೆದಿದ್ದರು. ಗಾಯ ಮಾಯದಿರುವುದರಿಂದ ದುರಸ್ತಿಯ ಕೆಲಸವೂ ಮುಗಿಯುವುದಿಲ್ಲ. ಎಲ್ಲ ರೋಗನಿರೋಧಕ ಕೋಶಗಳೂ ಹೀಗೆ ಸಿಕ್ಕಿಬೀಳುತ್ತವೆ ಎಂದೂ ಅಲ್ಲ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಗೆಡ್ಡೆಯೊಳಗೆ ತುಂಬಿದ್ದರೆ ಅದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣವೇ.

ಹಾಗಾದರೆ ಮ್ಯಾಕ್ರೋಫೇಜ್‌ಗಳ ದಾರಿ ತಡೆದರೆ ಸಾಲದೇ ಎಂಬ ಪ್ರಶ್ನೆ ಸಹಜ. ಇವುಗಳ ಪೂರ್ವರೂಪವಾದ ಮಾನೊಸೈಟ್‌ಗಳನ್ನು ಅಸ್ಥಿಮಜ್ಜೆಯಿಂದ ಹೊರಗೆ ಕರೆಯುವ ಸಿಸಿಎಲ್2 ಎಂಬ ಸಂಕೇತವನ್ನು ಇಲಿಗಳಲ್ಲಿ ತಡೆದಾಗ ಕ್ಯಾನ್ಸರ್ ಹರಡುವುದು ಕಡಿಮೆಯಾಯಿತು. ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದಾಗ, ಮಜ್ಜೆಯಲ್ಲಿ ತಡೆಹಿಡಿದಿದ್ದ ಮಾನೊಸೈಟ್‌ಗಳು ಒಮ್ಮೆಲೇ ಹೊರನುಗ್ಗಿದವು; ಶ್ವಾಸಕೋಶದಲ್ಲಿ ಗೆಡ್ಡೆಗಳು ಮೊದಲಿಗಿಂತ ಹೆಚ್ಚಾಗಿ, ಇಲಿಗಳ ಸಾವು ಇನ್ನಷ್ಟು ಬೇಗ ಬಂತು.